ಮಲಿಕ್ ಅಂಬರ್: ಮಾರಾಟವಾದವನು ಕಟ್ಟಿದ ಪಟ್ಟಣ

ದಖ್ಖನ್ನಿನ ಇತಿಹಾಸವೆಂದರೆ ಸುಲ್ತಾನರು, ನಾಯಕರು, ಮೊಗಲರು ಎಂದಷ್ಟೇ ನಾವು ಓದುತ್ತ ಬಂದಿದ್ದೇವೆ. ಇದೇ ನೆಲದಲ್ಲಿ ಆಫ್ರಿಕಾದಿಂದ ಬಂದವರೂ ರಾಜ್ಯ ನಡೆಸಿದ್ದಾರೆ, ಊರು ಕಟ್ಟಿದ್ದಾರೆ. ಅವರನ್ನು ಹಬಶಿಗಳೆಂದು ಕರೆಯುತ್ತಿದ್ದರು. ಅವರಲ್ಲಿ ಬಹಳ ಹೆಸರಾದವನು ಮಲಿಕ್ ಅಂಬರ್.

ಅಂಬರ್ ಹುಟ್ಟಿದ್ದು 1548ರ ಸುಮಾರಿಗೆ, ಇಥಿಯೋಪಿಯಾದಲ್ಲಿ. ಮೊದಲ ಹೆಸರು ಚಾಪು. ಚಿಕ್ಕಂದಿನಲ್ಲೇ ಗುಲಾಮರ ವ್ಯಾಪಾರಿಗಳ ಪಾಲಾಗಿ ಅರಬ್ ನಾಡಿನ ಪೇಟೆಗಳಲ್ಲಿ ಕೈಯಿಂದ ಕೈಗೆ ಮಾರಾಟವಾದ. ಬಾಗ್ದಾದಿನ ಒಬ್ಬ ಒಡೆಯ ಅವನಿಗೆ ವಿದ್ಯೆ ಕೊಡಿಸಿ ಅಂಬರ್ ಎಂದು ಹೆಸರಿಟ್ಟ. ಮುಂದೆ ಅಹಮದನಗರದ ನಿಜಾಮಶಾಹಿಯ ಪೇಶ್ವೆ ಚಂಗೀಜ್ ಖಾನ್ ಅವನನ್ನು ಕೊಂಡ. ಈ ಪೇಶ್ವೆಯೂ ಹಬಶಿಯೇ. ಒಡೆಯ ತೀರಿಕೊಂಡ ಮೇಲೆ ಅಂಬರ್ ಸ್ವತಂತ್ರನಾದ. ಕೆಲಕಾಲ ವಿಜಯಪುರದ ಆದಿಲಶಾಹಿಯಲ್ಲೂ ಚಾಕರಿ ಮಾಡಿದ. ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಸಮಾಧಿಯಾಗಿರುವ ಯೂಸುಫ್ ಆದಿಲಶಹನೇ ಆ ಮನೆತನದ ಮೂಲಪುರುಷ.

1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾಯಿತು. ಅಂಬರ್ ಚದುರಿದ ಸವಾರರನ್ನು ಕೂಡಿಸಿ, ನಿಜಾಮಶಾಹಿಯ ಕುಡಿಯೊಬ್ಬನನ್ನು ಗಾದಿಗೆ ಕೂಡ್ರಿಸಿ, ತಾನೇ ರಾಜ್ಯಭಾರ ನಡೆಸಿದ. ಮರಾಠಾ ಸವಾರರನ್ನು ಕಟ್ಟಿಕೊಂಡು, ಬಯಲಿನಲ್ಲಿ ಎದುರಾಗದೆ, ವೈರಿಯ ದವಸಧಾನ್ಯದ ದಾರಿ ಕಡಿಯುತ್ತಿದ್ದ. 1624ರಲ್ಲಿ ಭಾತವಾಡಿಯಲ್ಲಿ ಮೊಗಲ ಮತ್ತು ವಿಜಯಪುರದ ಸೈನ್ಯಗಳೆರಡನ್ನೂ ಸೋಲಿಸಿದ.

ಆದರೆ ಅವನ ದೊಡ್ಡ ಕೆಲಸ ಯುದ್ಧವಲ್ಲ. 1610ರಲ್ಲಿ ಖಡಕಿ ಎಂಬ ಹಳ್ಳಿಯಲ್ಲಿ ಅವನು ಪಟ್ಟಣ ಕಟ್ಟಿದ. ಕಲ್ಲುನೆಲದ ಆ ಊರಿಗೆ ನೀರು ಬೇಕಿತ್ತು. ಗುಡ್ಡದ ಬುಡದ ಒಳಸೆಲೆಯನ್ನು ನೆಲದಡಿಯ ಕಾಲುವೆಯಲ್ಲಿ, ಇಳಿಜಾರನ್ನೇ ನಂಬಿ, ಪಟ್ಟಣಕ್ಕೆ ಹರಿಸಿದ. ಬೀದರಿನ ಸುರಂಗ ಕಾಲುವೆ ನೋಡಿದವರಿಗೆ ಈ ಉಪಾಯ ತಿಳಿದೇ ಇದೆ. ಅದಕ್ಕೆ ನಹರ್-ಎ-ಅಂಬರಿ ಎಂಬ ಹೆಸರು ಬಂತು. ಹೊಲಗಳನ್ನು ಅಳೆಯಿಸಿ, ಬೆಳೆ ನೋಡಿ ಕಂದಾಯ ಕಟ್ಟುವ ಪದ್ಧತಿಯನ್ನೂ ಅವನು ತಂದ.

1626ರಲ್ಲಿ ಅಂಬರ್ ತೀರಿಕೊಂಡ. ಅವನ ಸಮಾಧಿ ಖುಲ್ದಾಬಾದಿನಲ್ಲಿದೆ. ಖಡಕಿಗೆ ಅವನ ಮಗ ಫತೇಹನಗರ ಎಂದು ಹೆಸರಿಟ್ಟ. 1653ರಲ್ಲಿ ದಖ್ಖನ್ನಿನ ಸುಭೇದಾರನಾಗಿ ಬಂದ ಔರಂಗಜೇಬ ಅದನ್ನು ಔರಂಗಾಬಾದ್ ಮಾಡಿದ. ಇದೇ ಔರಂಗಜೇಬ ಮುಪ್ಪಿನಲ್ಲಿ, 1705ರಲ್ಲಿ, ನಮ್ಮ ಸುರಪುರದ ನಾಯಕರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದವನು. ಅದೇ ಅವನ ಕೊನೆಯ ದಂಡಯಾತ್ರೆ. ಎರಡು ವರ್ಷಕ್ಕೆ ಅವನೂ ತೀರಿಕೊಂಡು ಖುಲ್ದಾಬಾದಿನ ಮಣ್ಣಿಗೇ ಸೇರಿದ.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಔರಂಗಾಬಾದೂ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳೂ ಒಂದೇ ಆಡಳಿತದಲ್ಲಿದ್ದವು. ನಮ್ಮ ಹಿರಿಯರಿಗೆ ಅದು ಪರದೇಶವಾಗಿರಲಿಲ್ಲ. 2023ರಲ್ಲಿ ಆ ಊರು ಛತ್ರಪತಿ ಸಂಭಾಜಿನಗರವಾಯಿತು. ಹೀಗೆ ಹೆಸರು ಬದಲಾದಾಗಲೆಲ್ಲ ಊರಿಗೆ ಮೊದಲು ನೀರು ತಂದವನ ನೆನಪು ಹಿಂದೆ ಸರಿಯಿತು. ಸಂತೆಯ ಸರಕಾಗಿ ಬಂದ ಹುಡುಗ ವಿದ್ಯೆ ಮತ್ತು ದುಡಿಮೆಯಿಂದ ಒಂದು ಪಟ್ಟಣಕ್ಕೆ ಮೂಲನಾದ ಎಂಬುದನ್ನು ನಮ್ಮ ಶಾಲೆಯ ಮಕ್ಕಳು ತಿಳಿದಿರಬೇಕು.