ಎರಡು ತುಂಡು, ಒಂದು ಹೊಲಿಗೆ

ಮೂರು ವರ್ಷದ ಹಿಂದಿನ ಮಳೆಗಾಲ. ಲಗ್ಗೆರೆಯ ನಮ್ಮ ಬೀದಿಯ ನಲ್ಲಿಗಳಲ್ಲಿ ಕದಡಿದ ನೀರು ಬಂತು, ನನ್ನ ಮೊಮ್ಮಗಳಿಗೆ ಹದಿನೈದು ದಿನ ಭೇದಿ. ಗಂಜಿ, ಮಜ್ಜಿಗೆ, ಓಮದ ನೀರು ಎಲ್ಲ ಆದ ಮೇಲೆ ಡಾಕ್ಟರು ಪರೀಕ್ಷೆ ಮಾಡಿಸಿ ‘ಜಿಯಾರ್ಡಿಯಾ’ ಎಂದರು. ಮಾತ್ರೆಗೆ ವಾಸಿಯಾಯಿತು, ಹೆಸರು ನನ್ನ ತಲೆಯಲ್ಲಿ ಉಳಿಯಿತು. ಇತಿಹಾಸ ಪಾಠ ಮಾಡುವವಳಿಗೆ ಎಲ್ಲಕ್ಕೂ ಒಂದು ಪೂರ್ವಕಥೆ ಬೇಕು. ಹುಡುಕಿದರೆ ಅದರ ಒಂದು ತುದಿ ಯಶವಂತಪುರದಾಚೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ, ಅಲ್ಲಿ!

ಇನ್ನೊಂದು ತುದಿ ಇಟಲಿಯಲ್ಲಿ. 1960ರ ಆಸುಪಾಸಿನಲ್ಲಿ ಫೆರುಚಿಯೊ ರಿಟೋಸ್ಸಾ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಅವನ್ನಿಟ್ಟಿದ್ದ ಪೆಟ್ಟಿಗೆಯ ಶಾಖವನ್ನು ಯಾರೋ ಸಹೋದ್ಯೋಗಿ ತಿಳಿಯದೆ ಏರಿಸಿಬಿಟ್ಟರು. ಕಾವು ತಗುಲಿದ ಜೀವಕೋಶಗಳಲ್ಲಿ ಅದುವರೆಗೆ ಸುಮ್ಮನಿದ್ದ ವಂಶವಾಹಿಗಳು ಎಚ್ಚೆತ್ತಿದ್ದವು. ಹೆಸರಾಂತ ಪತ್ರಿಕೆಯೊಂದು ಇದಕ್ಕೆ ಮಹತ್ವವಿಲ್ಲವೆಂದು ಹಿಂತಿರುಗಿಸಿತಂತೆ. 1962ರಲ್ಲಿ ಬೇರೆಡೆ ಅಚ್ಚಾಯಿತು. ಆ ವಂಶವಾಹಿಗಳಿಂದ ತಯಾರಾಗುವುದು ಸಹಾಯಕ ಪ್ರೋಟೀನುಗಳು. ಶಾಖಕ್ಕೆ ಕೆಟ್ಟ ಬೇರೆ ಪ್ರೋಟೀನುಗಳನ್ನು ಮತ್ತೆ ಸರಿಯಾಗಿ ಮಡಿಸುವುದು ಅವುಗಳ ಕೆಲಸ. ಮದುವೆಮನೆಯ ದೊಡ್ಡಮ್ಮನ ಹಾಗೆ. ಫೋಟೋದಲ್ಲಿ ಆಕೆ ಇರುವುದಿಲ್ಲ, ಆಕೆಯಿಲ್ಲದೆ ಪಂಕ್ತಿ ಏಳುವುದಿಲ್ಲ.

1977ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ವಂಶವಾಹಿಯಿಂದ ಇಳಿಸಿಕೊಂಡ ಆರ್‌ಎನ್‌ಎ ಪ್ರತಿಯಲ್ಲಿ ನಡುನಡುವೆ ಬೇಡದ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಬೇಕು. ಬೆಳಗ್ಗೆ ಗಾರ್ಮೆಂಟ್ಸ್‌ಗೆ ಓಡುವ ನಮ್ಮ ಬೀದಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ಅಮೆರಿಕದ ಸೂಸನ್ ಲಿಂಡ್‌ಕ್ವಿಸ್ಟ್ ಮತ್ತು ಯೋಸ್ಟ್ ಈ ಎರಡು ಎಳೆಗಳನ್ನು ಕೂಡಿಸಿದರು. ಶಾಖ ವಿಪರೀತವಾದರೆ ನೊಣದ ಜೀವಕೋಶದಲ್ಲಿ ಈ ಕತ್ತರಿ-ಹೊಲಿಗೆಯೇ ನಿಲ್ಲುತ್ತದೆ. ಮೊದಲೇ ಹದವಾಗಿ ಕಾಯಿಸಿ ಸಹಾಯಕ ಪ್ರೋಟೀನು ತಯಾರಾಗಿದ್ದರೆ ಮಾತ್ರ ಅದು ಸಾಗುತ್ತದೆ. ಆ ಸಹಾಯಕರಲ್ಲಿ ಮುಖ್ಯವಾದ ಎಚ್‌ಎಸ್‌ಪಿ-70ರ ವಂಶವಾಹಿಯಲ್ಲಿ ಬೇಡದ ತುಂಡೇ ಇಲ್ಲ. ಹೊಲಿಗೆ ನಿಂತರೂ ಅದು ಹುಟ್ಟುತ್ತದೆ. ಎಂಥ ಮುಂದಾಲೋಚನೆ!

ಜಿಯಾರ್ಡಿಯಾದಲ್ಲಿ ಇದು ತಿರುಗುಮುರುಗು. 2011ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಉತ್ಪಲ್ ಟಾಟು ಮತ್ತು ಜೊತೆಗಾರರು ಅದರ ಎಚ್‌ಎಸ್‌ಪಿ-90 ಎಂಬ ಸಹಾಯಕ ಪ್ರೋಟೀನಿನ ಬಗ್ಗೆ ಪ್ರಕಟಿಸಿದರು. ಅದರ ವಂಶವಾಹಿ ಎರಡು ತುಂಡಾಗಿ ದೂರದೂರ ಬಿದ್ದಿದೆ. ಒಂದೊಂದರಿಂದ ಒಂದೊಂದು ಆರ್‌ಎನ್‌ಎ ಬಂದು, ಎರಡನ್ನೂ ಸೇರಿಸಿ ಹೊಲಿದ ಮೇಲೆಯೇ ಇಡೀ ಪ್ರೋಟೀನು. ಮನುಷ್ಯರಲ್ಲಿ ಈ ವಂಶವಾಹಿ ಹೀಗೆ ಒಡೆದಿಲ್ಲ.

ಮೊಮ್ಮಗಳೀಗ ಮೂರನೆಯ ತರಗತಿ. ಇದನ್ನೆಲ್ಲ ಅವಳಿಗೆ ಕಥೆಯಾಗಿ ಹೇಳಿದೆ.

“ಅಜ್ಜಿ, ಆ ಹೊಲಿಗೆಯ ದಾರ ಕಿತ್ತುಬಿಟ್ಟರೆ?” ಎಂದಳು.

ಒಲೆಯ ಮೇಲೆ ಕುಡಿಯುವ ನೀರು ಇನ್ನೂ ಕುದಿಯುತ್ತಿತ್ತು.