ಒಂದು ಶಿಲ್ಲಿಂಗ್ ಕೊಟ್ಟರೆ ತೋಟ

ಬಸವಣ್ಣನವರ ಪುತ್ಥಳಿ ನೋಡಲು ಲ್ಯಾಂಬೆತ್‌ಗೆ ಹೋಗದ ಲಂಡನ್ ಕನ್ನಡಿಗರು ವಿರಳ. ಊರಿನಿಂದ ಅಪ್ಪ ಅವ್ವ ಬಂದರೆ ಮೊದಲ ಶನಿವಾರ ಅಲ್ಲಿಗೇ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಈ ಪುತ್ಥಳಿ ಇರುವುದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ. ಕಲಬುರಗಿ ಕಡೆಯಿಂದ ಬಂದು ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಓಡಾಟದ ಫಲ ಅದು. ನಮಸ್ಕಾರ, ಒಂದಿಷ್ಟು ಫೋಟೊ, ನದಿಯಾಚೆಯ ಪಾರ್ಲಿಮೆಂಟಿನ ಕಡೆಗೊಂದು ನೋಟ. ಆಮೇಲೆ ಎಲ್ಲರೂ ಲಂಡನ್ ಐ ಕಡೆಗೆ ಹೊರಟುಬಿಡುತ್ತಾರೆ.

ಎದುರು ದಿಕ್ಕಿಗೆ, ವಾಕ್ಸ್‌ಹಾಲ್ ಸೇತುವೆಯ ಕಡೆಗೆ, ಸ್ವಲ್ಪ ನಡೆದರೆ ಒಂದು ಸಾಧಾರಣ ಪಾರ್ಕ್ ಸಿಗುತ್ತದೆ. ಹುಲ್ಲು, ಬೆಂಚು, ನಾಯಿ ಅಡ್ಡಾಡಿಸುವವರು. ನೋಡಿದರೆ ವಿಶೇಷವೇನೂ ಕಾಣದು. ಆದರೆ ದುಡ್ಡು ಕೊಟ್ಟು ತೋಟಕ್ಕೆ ಹೋಗಿ ದಿನ ಕಳೆಯುವುದನ್ನು ಲಂಡನ್ ರೂಢಿಸಿಕೊಂಡದ್ದು ಈ ನೆಲದಲ್ಲಿ.

ಇಲ್ಲಿದ್ದದ್ದು ವಾಕ್ಸ್‌ಹಾಲ್ ವಿಹಾರೋದ್ಯಾನ. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1662ರಲ್ಲಿ ಇಲ್ಲಿಗೆ ಬಂದಾಗ ಇದು ಬರೀ ಮರಗಳ ಸಾಲು, ತಿಂಡಿ ಮಾರುವ ಜಾಗ. 1729ರಲ್ಲಿ ಜೋನಾಥನ್ ಟಯರ್ಸ್ ಎಂಬ ವ್ಯಾಪಾರಿಯ ಕೈಗೆ ಬಂದ ಮೇಲೆ ಚಹರೆಯೇ ಬದಲಾಯಿತು. ತಲೆಗೆ ಒಂದು ಶಿಲ್ಲಿಂಗ್ ಪ್ರವೇಶಧನ. ಕೂಲಿಯವನಿಗೆ ಅದು ದಿನದ ದುಡಿಮೆಯ ದೊಡ್ಡ ಪಾಲು, ಗುಮಾಸ್ತನಿಗೆ ಆಗೊಮ್ಮೆ ಈಗೊಮ್ಮೆ ನಿಲುಕುವ ಮೊತ್ತ. ಒಳಗೆ ವಾದ್ಯಗೋಷ್ಠಿ, ಚಿತ್ರ ಬರೆದ ಊಟದ ಮಂಟಪಗಳು, ಕತ್ತಲಾಗುತ್ತಿದ್ದಂತೆ ಏಕಕಾಲಕ್ಕೆ ಹೊತ್ತಿಕೊಳ್ಳುವ ಸಾವಿರಾರು ದೀಪಗಳು. ಅಲ್ಲಿನ ಹಂದಿಮಾಂಸದ ಹೋಳು ಎಷ್ಟು ತೆಳ್ಳಗೆಂದರೆ ಅದರ ಮೂಲಕ ಪತ್ರಿಕೆ ಓದಬಹುದು ಎಂಬುದು ಊರೆಲ್ಲ ಓಡಾಡುತ್ತಿದ್ದ ಕುಹಕ. ಪ್ರವಾಸಿ ತಾಣದ ಊಟದ ಬಗೆಗಿನ ಗೊಣಗಾಟ ಇಂದು ನಿನ್ನೆಯದಲ್ಲ.

1749ರ ಏಪ್ರಿಲ್ 21ರಂದು ಸಂಗೀತಗಾರ ಹ್ಯಾಂಡೆಲ್ ತನ್ನ ಪಟಾಕಿ ಉತ್ಸವದ ಸಂಗೀತದ ತಾಲೀಮನ್ನು ಇಲ್ಲಿ ಇಟ್ಟುಕೊಂಡಾಗ ಹನ್ನೆರಡು ಸಾವಿರ ಜನ ನುಗ್ಗಿದರು. ವೆಸ್ಟ್‌ಮಿನ್‌ಸ್ಟರ್ ಸೇತುವೆ ಇನ್ನೂ ತೆರೆದಿರಲಿಲ್ಲ. ನದಿ ದಾಟಲು ದೋಣಿ, ಇಲ್ಲವೇ ಲಂಡನ್ ಸೇತುವೆ. ಆ ಸೇತುವೆಯ ಮೇಲೆ ಗಾಡಿಗಳು ಮೂರು ತಾಸು ಅಲುಗಾಡದೆ ನಿಂತವು. ನೂರಕ್ಕೂ ಹೆಚ್ಚು ವರ್ಷ ಹೀಗೆ ಮೆರೆದ ತೋಟ 1859ರಲ್ಲಿ ಬಾಗಿಲು ಹಾಕಿತು. ಜಾಗವನ್ನು ಮನೆಗಳಿಗೆ ಮಾರಲಾಯಿತು. ಇಂದಿನ ಪಾರ್ಕ್ ಆದದ್ದು ಬಹಳ ವರ್ಷಗಳ ನಂತರ, ಆ ಮನೆಗಳು ಹೋದ ಮೇಲೆ.

ಪುತ್ಥಳಿಯಿಂದ ಲ್ಯಾಂಬೆತ್ ಸೇತುವೆಯ ಕಡೆಗೆ ಹೋದರೆ ಇನ್ನೊಂದು ಜಾಗ: ಸೇಂಟ್ ಮೇರಿ ಚರ್ಚು. ಪೂಜೆ ನಿಂತು, ಕೆಡವುವ ಹಂತಕ್ಕೆ ಬಂದಿದ್ದ ಈ ಕಟ್ಟಡವನ್ನು 1977ರಲ್ಲಿ ತೋಟಗಾರಿಕೆಯ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡರು. ಕಾರಣ ಅಂಗಳದಲ್ಲಿರುವ ಒಂದು ಸಮಾಧಿ. ಹದಿನೇಳನೇ ಶತಮಾನದಲ್ಲಿ ದೇಶ ದೇಶ ಸುತ್ತಿ ಗಿಡ, ಬೀಜ ತಂದು ಲ್ಯಾಂಬೆತ್‌ನಲ್ಲಿ ತೋಟ ಬೆಳೆಸಿದ ಜಾನ್ ಟ್ರೇಡ್‌ಸ್ಕ್ಯಾಂಟ್ ಮತ್ತು ಅದೇ ಹೆಸರಿನ ಆತನ ಮಗ ಅಲ್ಲಿ ಮಲಗಿದ್ದಾರೆ. ಅದೇ ಅಂಗಳದಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈ ಸಮಾಧಿಯೂ ಇದೆ. ಬೌಂಟಿ ಹಡಗಿನಲ್ಲಿ ಈತನ ವಿರುದ್ಧ ನಾವಿಕರು ಎಬ್ಬಿಸಿದ ದಂಗೆಯ ಕಥೆ ಕೇಳಿದವರಿಗೆ ಆ ಹೆಸರು ಗೊತ್ತು. ಆ ಹಡಗು ತಹಿತಿಯಿಂದ ಹೊತ್ತಿದ್ದ ಸರಕು ನಮ್ಮ ಮಂಗಳೂರಿನವರು ಪಲ್ಯ ಮಾಡುವ ಜೀಗುಜ್ಜೆಯ ಸಸಿಗಳು ಎಂಬುದು ಅನೇಕರಿಗೆ ಗೊತ್ತಿಲ್ಲ.

ಇನ್ನು ಲಂಡನ್ನಿನ ಪಶ್ಚಿಮಕ್ಕಿರುವ ಕ್ಯೂ ಉದ್ಯಾನ. 1759ರಲ್ಲಿ ರಾಜಮನೆತನದ ಆಗಸ್ಟಾ ತನ್ನ ಅರಮನೆಯ ಆವರಣದಲ್ಲಿ ಆರಂಭಿಸಿದ ಸಸ್ಯತೋಟ 1841ರ ಹೊತ್ತಿಗೆ ಸರ್ಕಾರದ ಕೈಗೆ ಬಂತು. ಅಲ್ಲಿಯವರೆಗೆ ನೋಡಬಂದವರ ಹಿಂದೆ ಒಬ್ಬ ಮಾಲಿ ಕಾವಲಿಗೆ ನಡೆಯುತ್ತಿದ್ದ. ಹೊಸ ನಿರ್ದೇಶಕ ವಿಲಿಯಂ ಹೂಕರ್ ಆ ಕಾವಲು ತೆಗೆದು, ಜನ ತಮ್ಮಷ್ಟಕ್ಕೆ ತಿರುಗಾಡಲಿ ಎಂದ. ಆ ವರ್ಷ ಬಂದವರು ಒಂಬತ್ತು ಸಾವಿರದಷ್ಟು. 1865ರಲ್ಲಿ ಆತ ತೀರಿಕೊಳ್ಳುವಾಗ ಆ ಸಂಖ್ಯೆ ಐದು ಲಕ್ಷ ದಾಟಿತ್ತು. ಪ್ರವೇಶ ಪುಕ್ಕಟೆ.

ಆದರೆ ನಿಯಮಗಳು ಬಿಗಿ. ಸೇದುವಂತಿಲ್ಲ, ತಿನ್ನುವಂತಿಲ್ಲ, ಬುಟ್ಟಿ, ಚೀಲ, ಗಂಟು ಒಯ್ಯುವಂತಿಲ್ಲ. ಲಕ್ಷ್ಮೇಶ್ವರ, ಅಡರಕಟ್ಟಿ, ಶಿರಹಟ್ಟಿ ಕಡೆಯವರಿಗೆ ಇದು ವಿಚಿತ್ರ ಎನಿಸೀತು. ಆ ಸೀಮೆಯಲ್ಲಿ ಎಳ್ಳಮಾಸಿ ಬಂತೆಂದರೆ ಇಡೀ ಮನೆ ಬುತ್ತಿ ಕಟ್ಟಿಕೊಂಡು ಎರಿಹೊಲಕ್ಕೆ ಹೊರಡುತ್ತದೆ; ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಕುಳಿತು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಹಂಚಿ ಉಣ್ಣುತ್ತಾರೆ. ಹೊಲ ಇಲ್ಲದವರನ್ನೂ ಕರೆದೊಯ್ಯುತ್ತಾರೆ. ಹಸಿರಿನಲ್ಲಿ ಒಂದು ದಿನ ಕಳೆಯುವುದೆಂದರೆ ಅವರಿಗೆ ಮುಖ್ಯವಾಗಿ ಉಣ್ಣುವುದೇ. ವಿಕ್ಟೋರಿಯಾ ಕಾಲದ ಕ್ಯೂ ಗೇಟಿನಲ್ಲಿ ಆ ಬುತ್ತಿ ಗಂಟು ಹೊರಗೇ ಉಳಿಯುತ್ತಿತ್ತು. ಇಂದು ಅದೇ ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನ ತಿನ್ನಲು ಯಾರ ಅಡ್ಡಿಯೂ ಇಲ್ಲ.

ವಿಲಿಯಂ ನಂತರ ಬಂದ ಮಗ ಜೋಸೆಫ್ ಹೂಕರ್‌ಗೆ ಜನಜಂಗುಳಿ ಕಂಡರೆ ಆಗದು. ಬೆಳಗಿನ ಹೊತ್ತು ವಿಜ್ಞಾನಿಗಳಿಗೆ, ವಿದ್ಯಾರ್ಥಿಗಳಿಗೆ. ಉಳಿದವರು ಮಧ್ಯಾಹ್ನ ಒಂದರ ಮೇಲೆ ಬರಲಿ ಎಂಬುದು ಅವನ ಪಟ್ಟು. 1870ರ ದಶಕದಲ್ಲಿ ಸುತ್ತಲಿನ ನಿವಾಸಿಗಳು ಇದರ ವಿರುದ್ಧ ಸಂಘ ಕಟ್ಟಿ ಜಗಳಕ್ಕಿಳಿದರು. ಹೂಕರ್ ಗೋಡೆಯನ್ನು ಇನ್ನಷ್ಟು ಎತ್ತರಿಸಿದ. ಸಸ್ಯವಿಜ್ಞಾನಿಯಾಗಿ ಅವನ ದೊಡ್ಡಸ್ತಿಕೆ ಪ್ರಶ್ನಾತೀತ. ಗೇಟಿನ ವಿಷಯದಲ್ಲಿ ಮಾತ್ರ ಜನರದೇ ಸರಿ. ಪೆನ್ನಿ ಪ್ರವೇಶಧನ ಬಂದದ್ದು 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ. ಅದಕ್ಕೂ ಮೂರು ವರ್ಷ ಮೊದಲು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರು ಆರ್ಕಿಡ್ ಮನೆಯ ಗಾಜು ಒಡೆದು, ಚಹಾ ಮಂಟಪಕ್ಕೆ ಬೆಂಕಿ ಇಟ್ಟು ದೇಶದ ಗಮನ ಸೆಳೆದಿದ್ದರು. ಈಗ ದೊಡ್ಡವರ ಟಿಕೆಟ್ ಇಪ್ಪತ್ತು ಪೌಂಡಿನ ಆಸುಪಾಸು. ಸರ್ಕಾರಿ ನೆರವು ಪಡೆಯುವವರಿಗೆ 2022ರಿಂದ ಒಂದು ಪೌಂಡಿನ ಟಿಕೆಟ್ ಇದೆ.

ಕ್ಯೂಗೆ ಹೋದ ಬೆಂಗಳೂರಿನವರಿಗೆ ಎಲ್ಲೋ ನೋಡಿದಂತಿದೆಯಲ್ಲ ಎನಿಸುವುದು ಸುಳ್ಳಲ್ಲ. ಲಾಲ್‌ಬಾಗ್‌ನ ಉಸ್ತುವಾರಿಗೆ 1858ರಲ್ಲಿ ಬಂದ ವಿಲಿಯಂ ನ್ಯೂ ಎಂಬಾತ ಕ್ಯೂನಲ್ಲಿ ಪಳಗಿದವನು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಕೂಡ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು ಅವನ ಕಾಲದಲ್ಲೇ. ಅದರ ಹಿಂದೆ ಇದ್ದದ್ದು 1851ರಲ್ಲಿ ಹೈಡ್ ಪಾರ್ಕಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೆಸ್‌ನ ಮಾದರಿ. ಲಂಡನ್ನಿನ ಆ ಮೂಲ ಕಟ್ಟಡ 1936ರಲ್ಲಿ ಸುಟ್ಟುಹೋಯಿತು, ಬೆಂಗಳೂರಿನದು ಇಂದಿಗೂ ಫಲಪುಷ್ಪ ಪ್ರದರ್ಶನಕ್ಕೆ ಕಿಕ್ಕಿರಿಯುತ್ತದೆ. ಸೀಮೆಬದನೆಯನ್ನು ಬೆಂಗಳೂರಿಗೆ ತಂದ ಶ್ರೇಯಸ್ಸೂ ಕ್ಯಾಮರಾನ್‌ನದೇ. 1908ರಲ್ಲಿ ಅವನ ನಂತರ ಬಂದ ಜರ್ಮನಿಯ ಕ್ರುಂಬಿಗೆಲ್ ಅದಕ್ಕೆ ಮುನ್ನ ಲಂಡನ್ನಿನ ಹೈಡ್ ಪಾರ್ಕ್ ಮತ್ತು ಕ್ಯೂನಲ್ಲಿ ದುಡಿದು, ಬಡೋದೆಯಲ್ಲಿ ಮಹಾರಾಜರ ತೋಟಗಳನ್ನು ನೋಡಿಕೊಂಡಿದ್ದವನು. ಬೆಂಗಳೂರಿನ ಸಾಲುಮರಗಳಿಗೆ ವರ್ಷವಿಡೀ ಒಂದಲ್ಲ ಒಂದು ಕಡೆ ಹೂ ಇರುವಂತೆ ಜೋಡಣೆ ಮಾಡಿದ ಅವನು 1956ರಲ್ಲಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದ.

ಇಷ್ಟೆಲ್ಲ ಸಾರ್ವಜನಿಕ ತೋಟಗಳಾಯಿತು. ಲಂಡನ್ನಿನ ಇನ್ನೊಂದು ಮುಖ ಬೀಗದ ಹಿಂದೆ ಇದೆ. ಚೆಲ್ಸಿಯ ಔಷಧಿ ತೋಟವನ್ನೇ ನೋಡಿ: 1673ರಲ್ಲಿ ಔಷಧಿಗಾರರ ಸಂಘ ಕಟ್ಟಿದ ತೋಟ ಸಾರ್ವಜನಿಕರಿಗೆ ತೆರೆದದ್ದು 1983ರಲ್ಲಿ, ಮುನ್ನೂರ ಹತ್ತು ವರ್ಷ ತಡವಾಗಿ. ಕೆನ್ಸಿಂಗ್ಟನ್, ನಾಟಿಂಗ್ ಹಿಲ್ ಕಡೆ ಮನೆಸಾಲುಗಳ ನಡುವಿನ ಚೌಕ ತೋಟಗಳಿಗೆ ಇಂದಿಗೂ ಸುತ್ತಲಿನ ಮನೆಯವರ ಬಳಿ ಮಾತ್ರ ಕೀಲಿ. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಲೋಹಕ್ಕಾಗಿ ಕಬ್ಬಿಣದ ಕಂಬಿಗಳನ್ನು ಕಿತ್ತುಕೊಂಡು ಹೋದಾಗ ಈ ಚೌಕಗಳು ತಾವಾಗಿಯೇ ಎಲ್ಲರಿಗೂ ತೆರೆದುಕೊಂಡವು. ಮಕ್ಕಳು ನುಗ್ಗಿದರು, ದಣಿದವರು ಕುಳಿತರು. ಯುದ್ಧ ಮುಗಿಯುವ ಮೊದಲೇ ಬೇಲಿಗಳು ಮರಳತೊಡಗಿದಾಗ ಲೇಖಕ ಜಾರ್ಜ್ ಆರ್ವೆಲ್ 1944ರಲ್ಲಿ ಟ್ರಿಬ್ಯೂನ್ ಪತ್ರಿಕೆಯಲ್ಲಿ ಸಿಟ್ಟಿನಿಂದ ಬರೆದ. ಚೌಕ ತೆರೆದಿಡುವುದು ಕಳ್ಳತನ ಎಂದ ಓದುಗನಿಗೆ, ಜಮೀನುದಾರರಿಗೆ ಆ ಭೂಮಿ ಬಂದದ್ದಾದರೂ ಹೇಗೆ ಎಂದು ಕೇಳಿದ. ಎಲ್ಲ ಚೌಕಗಳೂ ಮತ್ತೆ ಮುಚ್ಚಲಿಲ್ಲ. ರಸೆಲ್ ಚೌಕ, ಗಾಂಧೀಜಿ ಪ್ರತಿಮೆ ಇರುವ ಟ್ಯಾವಿಸ್ಟಾಕ್ ಚೌಕ ಇಂದು ಎಲ್ಲರವು. ಮುಚ್ಚಿದ ಚೌಕಗಳಲ್ಲೂ ಅನೇಕವು 1998ರಿಂದ ಜೂನ್ ತಿಂಗಳ ಒಂದು ವಾರಾಂತ್ಯದಲ್ಲಿ ಟಿಕೆಟ್ ಕೊಂಡವರನ್ನು ಒಳಬಿಡುತ್ತವೆ.

ಮನೆಯವರೇ ತಮ್ಮ ಹಿತ್ತಿಲಿಗೆ ಅಪರಿಚಿತರನ್ನು ಕರೆಯುವ ಪದ್ಧತಿ ಇದಕ್ಕಿಂತ ಹಳೆಯದು. ಬಡವರ ಮನೆಗೆ ಹೋಗಿ ಶುಶ್ರೂಷೆ ಮಾಡುವ ದಾದಿಯರ ನಿಧಿಗೆ ಹಣ ಬೇಕಾಗಿತ್ತು. ನಿಧಿ ಸಮಿತಿಯಲ್ಲಿದ್ದ ಎಲ್ಸಿ ವ್ಯಾಗ್ ಒಂದು ಸಲಹೆ ಕೊಟ್ಟಳು: ದೊಡ್ಡ ಮನೆಯವರು ತಮ್ಮ ತೋಟಗಳನ್ನು ತೆರೆಯಲಿ, ತಲೆಗೆ ಒಂದು ಶಿಲ್ಲಿಂಗ್ ಪಡೆಯಲಿ. 1927ರ ಆ ಮೊದಲ ಬೇಸಿಗೆಯಲ್ಲಿ 609 ತೋಟಗಳು ತೆರೆದವು, ಎಂಟು ಸಾವಿರ ಪೌಂಡಿಗೂ ಮಿಕ್ಕಿ ಹಣ ಕೂಡಿತು. ಸ್ಯಾಂಡ್ರಿಂಗ್‌ಹ್ಯಾಂ ಅರಮನೆಯ ತೋಟವೂ ಅದರಲ್ಲಿತ್ತು. ಇಂದು ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂದು ಕರೆಸಿಕೊಳ್ಳುವ ಈ ಯೋಜನೆಯ ಹಳದಿ ರಟ್ಟಿನ ಪುಸ್ತಕದಲ್ಲಿ ಸಾವಿರಾರು ತೋಟಗಳಿವೆ. ಅರಮನೆಗಳು ಇರಲಿ, ಹ್ಯಾಕ್ನಿಯ ಸಾಲುಮನೆಗಳ ಹಿಂದಿನ ಪುಟ್ಟ ಹಿತ್ತಿಲುಗಳೂ ಇವೆ. ಸಂಗ್ರಹವಾದ ಹಣ ಕ್ಯಾನ್ಸರ್ ರೋಗಿಗಳನ್ನು, ಕೊನೆಗಾಲದಲ್ಲಿರುವವರನ್ನು ನೋಡಿಕೊಳ್ಳುವ ಶುಶ್ರೂಷಾ ಸಂಸ್ಥೆಗಳಿಗೆ ಹೋಗುತ್ತದೆ.

ಕನ್ನಡ ಕುಟುಂಬಗಳು ಸಾಮಾನ್ಯವಾಗಿ ಕ್ಯೂಗೋ, ಲಂಡನ್ ಹೊರಗಿನ ವಿಸ್ಲಿ ತೋಟಕ್ಕೋ ಹೋಗುತ್ತವೆ. ತಪ್ಪೇನಿಲ್ಲ. ಆದರೆ ಈ ಊರಿನವರ ಮನೆಯ ಹಿತ್ತಿಲಿನಲ್ಲಿ ನಿಂತು, ಈ ಗುಲಾಬಿಗೆ ಯಾವ ಗೊಬ್ಬರ ಹಾಕುತ್ತೀರಿ ಎಂದು ಮನೆಯೊಡತಿಯನ್ನೇ ಕೇಳುವ ಅವಕಾಶ ಕ್ಯೂನಲ್ಲಿ ಸಿಗದು. ಊರಿನಿಂದ ಬಂದ ಹಿರಿಯರಿಗೆ, ಅದರಲ್ಲೂ ಹೊಲ ಮಾಡಿದವರಿಗೆ, ಇಂಥ ಮಾತೇ ಹೆಚ್ಚು ಹಿಡಿಸುತ್ತದೆ. ಬರುವ ಬೇಸಿಗೆಯಲ್ಲಿ ಮನೆಗೆ ಹತ್ತಿರದ ಒಂದು ತೋಟವನ್ನಾದರೂ ಆರಿಸಿ, ತೆರೆಯುವ ದಿನಾಂಕ ಮೊದಲೇ ನೋಡಿಕೊಂಡು ಹೋಗಿ ಬನ್ನಿ. ಬಹಳಷ್ಟು ಮನೆಗಳು ವರ್ಷಕ್ಕೆ ಒಂದೋ ಎರಡೋ ದಿನ ಮಾತ್ರ ಗೇಟು ತೆರೆಯುತ್ತವೆ. ಪಾರ್ಕಿಗಾದರೆ ಬುತ್ತಿ ಕಟ್ಟಿಕೊಳ್ಳಿ. ಈ ಮನೆಗಳಿಗೆ ಬೇಡ: ಅಲ್ಲಿ ಮಾರುವ ಚಹಾ ಮತ್ತು ಕೇಕಿನ ದುಡ್ಡೂ ಸಾಮಾನ್ಯವಾಗಿ ಸೇವಾನಿಧಿಗೇ ಸೇರುತ್ತದೆ.