ಷಡ್ಜ ಎಲ್ಲಿದೆ? ಗಡಿ ತಾಲ್ಲೂಕುಗಳ ಭಜನೆ, ಸ್ಟಾಫ್ ಲಿಪಿ ಮತ್ತು ತಂತ್ರಾಂಶದ ಒಂದು ತೊಡಕು

ಸ್ಕ್ರೀನ್ ಕಾಣ್ತಿದೆ ಅಂದುಕೊಂಡು ಶುರು ಮಾಡ್ತೀನಿ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕನ್ನಡ ಭಜನೆ, ತತ್ವಪದಗಳನ್ನು ಸ್ವರಲಿಪಿಗೆ ಇಳಿಸೋಣ ಅಂತ ಯಾರೇ ಕೂತರೂ ಮೊದಲ ಐದು ನಿಮಿಷದಲ್ಲೇ ಸಿಕ್ಕಿಕೊಳ್ಳುತ್ತಾರೆ. ಮ್ಯೂಸ್‌ಸ್ಕೋರ್‌ನಲ್ಲಿ ಹೊಸ ಕಡತ ತೆರೆದರೆ ಅದು ವಾದ್ಯ ಯಾವುದು, ಕೀ ಯಾವುದು ಎಂದು ಕೇಳುತ್ತದೆ. ವಾದ್ಯ ಆರಿಸಿದ ಕೂಡಲೇ ಕ್ಲೆಫ್ ತಾನಾಗಿಯೇ ಬಂದು ಕೂರುತ್ತದೆ. ಹಾಡುವವರಿಗೆ ಈ ಪ್ರಶ್ನೆಗಳೇ ಇಲ್ಲ. ಅವರಿಗೆ ಬೇಕಾದದ್ದು ಸಾ ಎಲ್ಲಿ ಎಂಬುದೊಂದೇ. ಇದು ಬರೀ ಕಂಪ್ಯೂಟರ್ ಬಳಕೆಯ ತೊಡಕಲ್ಲ, ಇತಿಹಾಸದ ವಿದ್ಯಾರ್ಥಿಗೆ ಆಕರದ ಪ್ರಶ್ನೆ ಅನ್ನೋದು ನನ್ನ ವಾದ. ನಾವು ಇವತ್ತು ಒತ್ತುವ ಒಂದು ಬಟನ್ ನಾಳೆ ಓದುವವರಿಗೆ ಸಾಕ್ಷ್ಯವಾಗಿ ಕಾಣುತ್ತದೆ.

ಮೊದಲು ಜಾಗದ ಬಗ್ಗೆ ಎರಡು ಮಾತು. 1956ರ ನವೆಂಬರ್ 1ರವರೆಗೆ ಇವು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳಲ್ಲೇ ಇದ್ದವು. ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರಕ್ಕೆ ಸೇರಿದ್ದರೆ ತಾಂಡೂರು ಗುಲಬರ್ಗಾಕ್ಕೆ ಸೇರಿತ್ತು. ಪುನರ್ವಿಂಗಡಣೆ ಕಾಯ್ದೆ ಜಹೀರಾಬಾದ್ ತಾಲ್ಲೂಕಿನಿಂದ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದದ್ದನ್ನು ಆಂಧ್ರಪ್ರದೇಶಕ್ಕೆ ಕೊಟ್ಟಿತು. ನಕ್ಷೆ ಹರಿಯಿತು, ಆದರೆ ಹಾಡು ಹರಿಯಲಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರಕ್ಕೆ ಇವತ್ತಿಗೂ ಎರಡೂ ಕಡೆಯ ಜನ ಬರ್ತಾರೆ. ಹುಮನಾಬಾದಿನ ಮಾಣಿಕನಗರವೂ ದೂರವಿಲ್ಲ. ಅಲ್ಲಿಯ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿ ಹೀಗೆ ಹಲವು ಭಾಷೆಗಳಲ್ಲಿ ಪದ ಕಟ್ಟಿದವರು. ಹಾಗಾಗಿ ಇಲ್ಲಿಯ ಭಜನೆ ಒಂದೇ ಭಾಷೆಯ ಆಸ್ತಿ ಅಲ್ಲ. ಶ್ರುತಿ ಹೇಳುವ ಮಾತೂ ಹಾಗೇ ಬೆರೆತದ್ದು: ಒಬ್ಬರು 'ಕಾಳಿ ಏಕ್' ಅಂದರೆ ಇನ್ನೊಬ್ಬರು 'ಕರಿ ಒಂದು' ಅಂತಾರೆ. ಕರಾವಳಿಯ ಯಕ್ಷಗಾನದವರ ಬಾಯಲ್ಲಿ ಅದೇ 'ಕಪ್ಪು ಒಂದು'. ಎಲ್ಲರೂ ತೋರಿಸುವುದು ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನೇ.

ಈ ಮಾತು ಸಾ ಕೂರುವ ಜಾಗವನ್ನು ಹೇಳುತ್ತದೆ, ಹಾಡಿನ ಸ್ವರಗಳನ್ನು ಹೇಳುವುದಿಲ್ಲ. ಸ್ವರಗಳ ಹೆಸರು ಸರಿಗಮ, ಅವು ಸಾ ಹೋದಲ್ಲಿಗೆ ಹೋಗುತ್ತವೆ. ನಮ್ಮ ಪದ್ಧತಿಯಲ್ಲಿ ಈ ಎರಡು ಮಾಹಿತಿ ಬೇರೆ ಬೇರೆ. ಸ್ಟಾಫ್ ಲಿಪಿಯಲ್ಲಿ ಎರಡೂ ಒಂದೇ ಚುಕ್ಕೆಯೊಳಗೆ ಸೇರಿಹೋಗುತ್ತವೆ.

ಈ ಜಗಳ ಹಳೆಯದು. 1874ರಲ್ಲಿ ಬಂಗಾಳದ ಶಾಲಾ ಇನ್ಸ್‌ಪೆಕ್ಟರ್ ಸಿ. ಬಿ. ಕ್ಲಾರ್ಕ್ (ಸಸ್ಯಶಾಸ್ತ್ರದಲ್ಲಿ ಇವರ ಹೆಸರು ಇನ್ನೂ ದೊಡ್ಡದು) ದೇಶಿ ಲಿಪಿ ಬಿಟ್ಟು ಸ್ಟಾಫ್ ಹಿಡಿಯಿರಿ ಎಂದು ವಾದಿಸಿದರು. ಶೌರೀಂದ್ರ ಮೋಹನ ಟಾಗೋರ್ ಅದಕ್ಕೆ ಎದುರುತ್ತರ ಕೊಟ್ಟರು. ದಕ್ಷಿಣದಲ್ಲಿ ಚಿನ್ನಸ್ವಾಮಿ ಮುದಲಿಯಾರ್ 1890ರ ದಶಕದ ಆರಂಭದಲ್ಲಿ ಮದರಾಸಿನಿಂದ ಕರ್ನಾಟಕ ಸಂಗೀತದ ಕೃತಿಗಳನ್ನು ಸ್ಟಾಫ್ ಲಿಪಿಯಲ್ಲೇ ಅಚ್ಚು ಹಾಕಿಸಿದರು. ಅವರ ಒತ್ತಾಸೆಯಿಂದ ಬೆಳೆದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ತೆಲುಗು ಅಕ್ಷರದಲ್ಲಿ, ಸ್ವರಾಕ್ಷರಗಳಲ್ಲೇ ಬಂತು. ಈ ಎರಡನೇ ದಾರಿಯೇ ಗೆದ್ದಿತು ಅನ್ನಬೇಕು. ಸ್ವರಾಕ್ಷರದಲ್ಲಿ ಬರೆದ ಪುಟವನ್ನು ಯಾರು ಯಾವ ಶ್ರುತಿಗೆ ಬೇಕಾದರೂ ಹಾಡಬಹುದು, ಅಲ್ಲಿ ಟ್ರಾನ್ಸ್‌ಪೋಸ್ ಎಂಬ ಕೆಲಸವೇ ಇಲ್ಲ.

ಹಾಗಂತ ಕ್ಲೆಫ್ ಅಂದರೆ ಯಾವಾಗಲೂ ನಿಗದಿಯಾದ ಶ್ರುತಿ ಅಂತ ತಿಳಿಯಬಾರದು. 11ನೇ ಶತಮಾನದಲ್ಲಿ ಅರೆಝೋದ ಗ್ವಿದೋ ಎಫ್ ಗೆರೆಗೆ ಕೆಂಪು, ಸಿ ಗೆರೆಗೆ ಹಳದಿ ಬಣ್ಣ ಹಚ್ಚಿ, ಅರ್ಧಸ್ವರ ಎಲ್ಲಿ ಬೀಳುತ್ತದೆ ಎಂದು ಹುಡುಗರಿಗೆ ತೋರಿಸಿದ. ಇವತ್ತಿನ ಕ್ಲೆಫ್ ಗುರುತುಗಳು ಜಿ, ಎಫ್, ಸಿ ಅಕ್ಷರಗಳೇ ಸೊಟ್ಟಗಾಗಿ ಹುಟ್ಟಿದವು. ಎ ಅಂದರೆ 440 ಕಂಪನ ಅಂತ ಅಂತರರಾಷ್ಟ್ರೀಯವಾಗಿ ಒಪ್ಪಿದ್ದು 1939ರ ಲಂಡನ್ ಸಭೆಯಲ್ಲಿ. ಗ್ವಿದೋನ ಹಾಡುಗಾರರೂ ನಮ್ಮ ಭಜನಾಮಂಡಳಿಯವರ ಹಾಗೆ ಗಂಟಲಿಗೆ ಒಗ್ಗುವ ಕಡೆ ಶುರು ಮಾಡುತ್ತಿದ್ದರು. ಕ್ಲೆಫ್ ಅವರಿಗೆ ದಿಕ್ಕು ತೋರಿಸುತ್ತಿತ್ತು ಅಷ್ಟೆ. ತಂತ್ರಾಂಶದಲ್ಲಿ ಪ್ರತಿ ಚುಕ್ಕೆಯ ಹಿಂದೆ ಒಂದು ಮಿಡಿ ಸಂಖ್ಯೆ ಇರುತ್ತದೆ, ಮಧ್ಯದ ಸಿ ಅಂದರೆ 60. ದಿಕ್ಕು ಅಲ್ಲಿ ವಿಳಾಸವಾಗಿಬಿಡುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ.

ಗಂಡಸರ ಮಂಡಳಿಯೊಂದು ಕರಿ ಒಂದರಲ್ಲಿ ಯಮನ್ ರಾಗದ ಪದ ಹಾಡಿದೆ ಅಂತಿಟ್ಟುಕೊಳ್ಳಿ. ಕರಿ ಒಂದನ್ನು ಸಿ ಶಾರ್ಪ್ ಅಂತ ಬರೆದರೆ ಪಂಚಮ ಜಿ ಶಾರ್ಪ್ ಆಗುತ್ತದೆ, ಶುದ್ಧ ಮಧ್ಯಮ ಎಫ್ ಶಾರ್ಪ್ ಆಗುತ್ತದೆ, ಯಮನ್‌ಗೆ ಬೇಕಾದ ತೀವ್ರ ಮಧ್ಯಮ ಎಫ್ ಡಬಲ್ ಶಾರ್ಪ್ ಆಗುತ್ತದೆ. ಡಬಲ್ ಶಾರ್ಪ್ ಬೇಡ ಅಂತ ತಂತ್ರಾಂಶಕ್ಕೆ ಹೇಳಿದರೆ ಅದು ಜಿ ನ್ಯಾಚುರಲ್ ಬರೆಯುತ್ತದೆ. ಕಿವಿಗೆ ವ್ಯತ್ಯಾಸವಿಲ್ಲ, ಆದರೆ ಕಣ್ಣಿಗೆ ಮಧ್ಯಮ ಪಂಚಮದ ಗೆರೆ ಮೇಲೆ ಹೋಗಿ ಕೂತಿದೆ! ಅದೇ ಸಾ ಅನ್ನು ಡಿ ಫ್ಲ್ಯಾಟ್ ಅಂತ ಬರೆದರೆ ಯಮನ್ ಸಲೀಸು, ತೀವ್ರ ಮಧ್ಯಮ ಜಿ, ಪಂಚಮ ಎ ಫ್ಲ್ಯಾಟ್. ಸರಿ, ಡಿ ಫ್ಲ್ಯಾಟ್ ಇಟ್ಟುಕೊಳ್ಳೋಣ ಅಂದರೆ ಮುಂದಿನ ಪದ ಭೈರವಿ. ಅಲ್ಲಿ ಕೋಮಲ ರಿಷಭ ಇ ಡಬಲ್ ಫ್ಲ್ಯಾಟ್ ಆಗುತ್ತದೆ. ತಂತ್ರಾಂಶ ಅದನ್ನು ಡಿ ನ್ಯಾಚುರಲ್ ಮಾಡಿದರೆ ರಿಷಭ ಸಾ ಇರುವ ಗೆರೆಗೇ ಬಂದಿರುತ್ತದೆ. ಭೈರವಿಗೆ ಸಿ ಶಾರ್ಪ್ ಬರಹವೇ ಚೊಕ್ಕ. ಅಂದರೆ ಒಬ್ಬನೇ ಹಾಡುಗಾರ, ಒಂದೇ ಪೆಟ್ಟಿಗೆ, ಒಂದೇ ಮನೆ, ಆದರೆ ರಾಗ ನೋಡಿ ಹೆಸರು ಬದಲಿಸಬೇಕು. ಮಿಡಿ ಸಂಖ್ಯೆಗೆ ಈ ಭೇದ ತಿಳಿಯುವುದೇ ಇಲ್ಲ.

ಅದಕ್ಕೇ ನನ್ನ ಅಭಿಪ್ರಾಯ, ಸಂಗ್ರಹಕ್ಕೆ ಬರೆಯುವಾಗ ಸಾ ಯಾವಾಗಲೂ ಸಿ ಇರಲಿ. ಆಗ ಏಳು ಸ್ವರಕ್ಕೂ ಸ್ವಂತ ಜಾಗ ಸಿಗುತ್ತದೆ, ಕೋಮಲ ತೀವ್ರಗಳು ತಮ್ಮ ಗೆರೆಯಲ್ಲೇ ಉಳಿಯುತ್ತವೆ. ಆದರೆ ಮೊದಲ ಸಾಲಿನ ಮೇಲೆ 'ಹಾಡಿದ ಶ್ರುತಿ ಕರಿ ಒಂದು' ಅಂತ ಅಕ್ಷರದಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಹತ್ತು ವರ್ಷದ ಮೇಲೆ ಓದುವವರು ನಾರಾಯಣಖೇಡದ ಎಲ್ಲಾ ಮಂಡಳಿಗಳೂ ಬಿಳಿ ಒಂದರಲ್ಲೇ ಹಾಡುತ್ತಿದ್ದವು ಅಂತ ತೀರ್ಮಾನಿಸುತ್ತಾರೆ. ಗಂಡಸರದು, ಹೆಂಗಸರದು, ಮುದುಕರದು ಎಲ್ಲವೂ ಒಂದೇ ಗಂಟಲು ಆಗಿಬಿಡುತ್ತದೆ.

ಕ್ಲೆಫ್ ವಿಷಯ ಇಷ್ಟು ಜಟಿಲ ಅಲ್ಲ. ಗಂಡು ದನಿಯನ್ನು ಸಾಮಾನ್ಯ ಟ್ರೆಬಲ್ ಕ್ಲೆಫ್‌ನಲ್ಲಿ ಬರೆದರೆ ಒಂದು ಸ್ಥಾಯಿ ಮೇಲೆ ಹೋಗಿರುತ್ತದೆ. ಕೆಳಗೆ ಪುಟ್ಟ 8 ಇರುವ ಟ್ರೆಬಲ್ ಕ್ಲೆಫ್ ಹಾಕಿ. ಕ್ಲೆಫ್ ಬದಲಿಸಿದರೆ ಬರಹದ ಜಾಗ ಮಾತ್ರ ಬದಲಾಗುತ್ತದೆ, ಟ್ರಾನ್ಸ್‌ಪೋಸ್ ಮಾಡಿದರೆ ಸ್ವರವೇ ಬದಲಾಗುತ್ತದೆ. ಇವೆರಡನ್ನೂ ಒಂದೇ ಅಂದುಕೊಂಡು ಹಾಳಾದ ಕಡತಗಳನ್ನು ನಾನು ಸಾಕಷ್ಟು ನೋಡಿದ್ದೀನಿ, ಕೆಲವು ನನ್ನವೇ.

[ಪ್ರಶ್ನೆ: ಮದುವೆ ಬ್ಯಾಂಡಿನವರ ಕ್ಲ್ಯಾರಿನೆಟ್ ಜೊತೆ ಭಜನೆ ಇದ್ದರೆ?]

ಒಳ್ಳೆ ಪ್ರಶ್ನೆ ಮೇಡಂ. ಬಿ ಫ್ಲ್ಯಾಟ್ ಕ್ಲ್ಯಾರಿನೆಟ್‌ನಲ್ಲಿ ಬರೆದ ಸಿ ಊದಿದರೆ ಕೇಳುವುದು ಬಿ ಫ್ಲ್ಯಾಟ್. ಹಾರ್ಮೋನಿಯಂ ಕರಿ ಒಂದರಲ್ಲಿದ್ದರೆ ಅವರ ಹಾಳೆಯಲ್ಲಿ ಸಾ ಡಿ ಶಾರ್ಪ್ ಆಗಿರುತ್ತದೆ. ತಂತ್ರಾಂಶದ 'ಕಾನ್ಸರ್ಟ್ ಪಿಚ್' ಗುಂಡಿ ಈ ಎರಡು ನೋಟಗಳ ನಡುವೆ ಓಡಾಡಿಸುತ್ತದೆ. ನಮ್ಮಲ್ಲಿ ಇದು ಹೊಸದೇನಲ್ಲ, ಸ್ಕೇಲ್ ಚೇಂಜರ್ ಹಾರ್ಮೋನಿಯಂ ಮಾಡೋದೂ ಇದನ್ನೇ. ಮನೆಗಳ ಸಾಲನ್ನು ಸರಿಸಿದರೆ ಬೆರಳು ಇದ್ದಲ್ಲೇ ಇರುತ್ತದೆ, ಶ್ರುತಿ ಮಾತ್ರ ಬದಲಾಗುತ್ತದೆ. ಹಾಗಾಗಿ ವಾದಕರ ಬೆರಳು ನೋಡಿ ಶ್ರುತಿ ಬರೆದುಕೊಳ್ಳಬೇಡಿ, ಟ್ಯೂನರ್ ಇಟ್ಟು ಕೇಳಿ.

[ಪ್ರಶ್ನೆ: ಹಳೆ ಕ್ಯಾಸೆಟ್‌ಗಳಿಂದ ಶ್ರುತಿ ತೆಗೆಯಬಹುದಾ ಸರ್?]

ಅದು ಅಪಾಯ. ಟೇಪ್ ನೂರಕ್ಕೆ ಆರರಷ್ಟು ವೇಗವಾಗಿ ಓಡಿದರೆ ಹೆಚ್ಚುಕಡಿಮೆ ಅರ್ಧಸ್ವರ ಏರುತ್ತದೆ, ಬಿಳಿ ಒಂದು ಹೋಗಿ ಕರಿ ಒಂದು ಆಗುತ್ತದೆ. ಪ್ಲೇಯರ್‌ನ ಬೆಲ್ಟ್ ಸಡಿಲ ಆಗಿದ್ದರೆ ಇಳಿಯುತ್ತದೆ. ಅಂಥ ಕಡೆ 'ಕ್ಯಾಸೆಟ್‌ನಲ್ಲಿ ಕೇಳಿದಂತೆ' ಅಂತ ಬೇರೆ ಸೇರಿಸಿ. ಸಾಧ್ಯವಿದ್ದರೆ ಆ ಊರಿಗೇ ಹೋಗಿ, ಅದೇ ಪೆಟ್ಟಿಗೆ ಇನ್ನೂ ಗುಡಿಯಲ್ಲಿದೆಯಾ ಅಂತ ವಿಚಾರಿಸಿ. ಕಡತವನ್ನು ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲೂ ಒಂದು ಪ್ರತಿ ಇಡಿ, ಯಾಕಂದರೆ 1988ರಿಂದ ಇದ್ದ ಫಿನಾಲೆ ತಂತ್ರಾಂಶದ ಅಭಿವೃದ್ಧಿಯೇ 2024ರ ಆಗಸ್ಟ್‌ನಲ್ಲಿ ನಿಂತುಹೋಯಿತು. ಜೊತೆಗೆ ಒಂದು ಕಾಗದದ ಪ್ರತಿ, ಮೇಲೆ ಶ್ರುತಿ ಬರೆದು, ಹಾಡಿದವರ ಕೈಗೇ ಕೊಟ್ಟು ಬನ್ನಿ. ತಪ್ಪಿದ್ದರೆ ಅವರೇ ಹೇಳ್ತಾರೆ.